ಭಾವನ ಬಿಯರ್ ಸಪ್ಪೆಯಾದದ್ದು ಯಾಕೆ

ನನ್ನ ಭಾವ ಮಾಡುತ್ತಿದ್ದ ಬಿಯರಿಗೆ ಯಾಕೆ ರುಚಿ ಇರಲಿಲ್ಲ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅವರ ಹೆಂಡತಿ, ಅಂದರೆ ನನ್ನ ಅಕ್ಕ. ಇನ್ನೊಬ್ಬ ನಾನು. ಮಾಡಿದ ಮನುಷ್ಯನಿಗೆ ಗೊತ್ತಿರಲಿಲ್ಲ. ಅವರು ವರ್ಷಗಟ್ಟಲೆ ಕಾರಣ ಹುಡುಕಿದರು. ನೀರಿನ ಮೇಲೆ, ಸಕ್ಕರೆಯ ಮೇಲೆ, ಸೆಕೆಯ ಮೇಲೆ, ಕೊನೆಗೆ ತಮ್ಮದೇ ನಾಲಿಗೆಯ ಮೇಲೆ ಸಂಶಯಪಟ್ಟರು. ಹಿತ್ತಿಲಲ್ಲಿ ಮೀನು ಕೊಯ್ಯುತ್ತಾ ಕುಳಿತಿದ್ದ ಅಕ್ಕನ ಮೇಲೆ ಮಾತ್ರ ಸಂಶಯಪಡಲಿಲ್ಲ.

ಭಾವ ತೀರಿಕೊಂಡು ಎರಡು ವರ್ಷವಾಯಿತು. ಕಳೆದ ಮಳೆಗಾಲದಲ್ಲಿ ಅಕ್ಕನೂ ಹೋದಳು. ಈಗ ಬರೆದರೆ ಯಾರ ಮನಸ್ಸಿಗೂ ನೋವಾಗದು. ನಾನು ಊರಿನ ವಾಚನಾಲಯದಲ್ಲಿ ಪೇಪರು ಜೋಡಿಸಿಟ್ಟು ಬದುಕಿದವನು. ದೊಡ್ಡ ಚರಿತ್ರೆ ಬರೆಯುವ ಶಕ್ತಿ ನನಗಿಲ್ಲ. ನೆನಪಾದದ್ದನ್ನು ನೆನಪಾದ ಹಾಗೆ ಹೇಳುತ್ತೇನೆ.

ಭಾವ ಗಲ್ಫಿನ ಒಂದು ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುತ್ತಿದ್ದವರು. ಯಾವ ಯಂತ್ರ ಕೆಟ್ಟರೂ ಅವರು ಮೊದಲು ಅದನ್ನು ಬಿಚ್ಚುತ್ತಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಊರಿಗೆ ಬಂದ ಮೇಲೆ ಪಂಪಿಗೂ ಮಿಕ್ಸಿಗೂ ಅದೇ ಪರೀಕ್ಷೆ. ಒಮ್ಮೆ ನಮ್ಮ ವಾಚನಾಲಯದ ಗೋಡೆ ಗಡಿಯಾರ ನಿಂತಾಗ ಅದಕ್ಕೂ ಕಿವಿಗೊಟ್ಟು, "ಇದಕ್ಕೆ ಎಂತ ಕಾಯಿಲೆ ಇಲ್ಲ ಭಾವ, ಬ್ಯಾಟರಿ ಹಾಕಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದರು. ನಾನು ಅವರನ್ನು ಭಾವ ಎನ್ನುತ್ತಿದ್ದೆ, ಅವರು ನನ್ನನ್ನು ಭಾವ ಎನ್ನುತ್ತಿದ್ದರು. ನಮ್ಮಲ್ಲಿ ಹಾಗೆಯೇ.

ರಿಪೇರಿಯ ವಿಷಯದಲ್ಲಿ ಅವರದ್ದು ಒಂದೇ ಮಾತು: "ಒಂದು ಸಲಕ್ಕೆ ಒಂದೇ ಬದಲು ಮಾಡ್ಬೇಕು. ಎರಡು ಮಾಡಿದರೆ ಯಾವುದರಿಂದ ಸರಿ ಆಯ್ತು ಅಂತ ದೇವರಿಗೂ ಗೊತ್ತಾಗ್ಲಿಕ್ಕಿಲ್ಲ." ಬಿಯರಿನ ವಿಷಯದಲ್ಲಿ ಈ ಮಾತನ್ನು ಅವರು ಬಹಳ ನಿಷ್ಠೆಯಿಂದ ಪಾಲಿಸಿದರು. ಪ್ರತಿ ಸಲ ಒಂದೇ ಬದಲು ಮಾಡಿದರು. ಎರಡನೆಯದನ್ನು ಅಕ್ಕ ಮಾಡುತ್ತಿದ್ದಳು.

ಗಲ್ಫಿನಲ್ಲಿ ಭಾವ ತುಂಬ ಕುಡಿಯುತ್ತಿದ್ದರು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಯಾಕೆಂದರೆ ಅವರೂ ಮುಚ್ಚಿಡಲಿಲ್ಲ. ಊರಿಗೆ ಮರಳಿದಾಗ ಕಣ್ಣು ಹಳದಿ, ಹೊಟ್ಟೆ ಮುಂದೆ. ಕಾಸರಗೋಡಿನ ಡಾಕ್ಟರು ಪರೀಕ್ಷೆ ಮಾಡಿಸಿ, ಅಕ್ಕನನ್ನು ಒಳಗೆ ಕರೆದು, "ಲಿವರ್ ಇನ್ನು ಪೆಟ್ಟು ತಡೆಯುವುದಿಲ್ಲ. ಕುಡಿದರೆ ನೀವು ಬೇಗ ಒಂಟಿಯಾಗ್ತೀರಿ" ಎಂದರು. ಮರುವಾರ ಅಕ್ಕ ಗಂಡನನ್ನು ಕುಟುಂಬದ ಮೂಲಮನೆಯಾದ ತರವಾಡಿಗೆ ಕರೆದುಕೊಂಡು ಹೋಗಿ, ಮನೆತನದ ದೈವದ ಎದುರು ನಿಲ್ಲಿಸಿದಳು. ಭಾವ ಕೈಮುಗಿದು, "ಇನ್ನು ಅಂಗಡಿಯ ಬಾಟ್ಲಿ ಮುಟ್ಟುವುದಿಲ್ಲ" ಎಂದು ಮಾತು ಕೊಟ್ಟರು.

ಆ ಮಾತನ್ನು ಅವರು ಸಾಯುವವರೆಗೆ ಉಳಿಸಿಕೊಂಡರು. ಎಷ್ಟರ ಮಟ್ಟಿಗೆ ಎಂದರೆ, ಮನೆಯಲ್ಲಿ ಬಿಯರ್ ಮಾಡಲು ತೊಡಗಿದ ಮೇಲೆ ತುಂಬಿಡಲು ಬಿಯರಿನ ಖಾಲಿ ಬಾಟ್ಲಿಗಳನ್ನು ಯಾರೋ ತಂದುಕೊಟ್ಟರೆ ಹಿಂದೆ ಕಳುಹಿಸಿದರು. "ಬಾಟ್ಲಿ ಮುಟ್ಟುವುದಿಲ್ಲ ಅಂದದ್ದು. ಖಾಲಿಯೋ ತುಂಬಿದ್ದೋ ಅಂತ ಆ ದಿನ ಮಾತಾಗ್ಲಿಲ್ಲ." ಅವರ ಬಿಯರ್ ಕೊನೆಯವರೆಗೂ ಶರಬತ್ತು, ಕೋಲಾದ ಪ್ಲಾಸ್ಟಿಕ್ ಬಾಟ್ಲಿಗಳಲ್ಲಿಯೇ ಇತ್ತು. ಇಷ್ಟು ಕಟ್ಟುನಿಟ್ಟಿನ ಮನುಷ್ಯನಿಗೆ, ಮನೆಯಲ್ಲೇ ಮಾಡಿ ಕುಡಿದರೆ ಮಾತು ತಪ್ಪಿದ ಹಾಗಾಯಿತೇ ಎಂಬ ಪ್ರಶ್ನೆ ಮಾತ್ರ ಒಂದು ದಿನವೂ ಏಳಲಿಲ್ಲ.

ಬಿಯರ್ ಮಾಡುವುದನ್ನು ಅವರು ಬಂದರಿನಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದ ಸ್ಕಾಟ್ಲೆಂಡಿನ ಮೇಲಾಳಿನಿಂದ ಕಲಿತಿದ್ದರು. ಆತ ಕ್ಯಾಂಪಿನ ಬಚ್ಚಲಿನಲ್ಲಿ ಡ್ರಮ್ಮು ಇಟ್ಟುಕೊಂಡಿದ್ದನಂತೆ. ಒಂದು ಡಬ್ಬಿ ಬರುತ್ತದೆ, ಅದರಲ್ಲಿ ಮೊಳಕೆ ಬಾರ್ಲಿಯ ಪಾಕ, ಜೋನಿಬೆಲ್ಲದಷ್ಟು ದಪ್ಪ, ಅದರಷ್ಟೇ ಕಪ್ಪು, ಆದರೆ ಕಹಿ. ಮುಚ್ಚಳದ ಕೆಳಗೆ ಯೀಸ್ಟಿನ ಸಣ್ಣ ಪೊಟ್ಟಣ. ಪಾಕವನ್ನು ಬಿಸಿ ನೀರಿನಲ್ಲಿ ಕರಗಿಸಿ, ಸಕ್ಕರೆ ಹಾಕಿ, ತಣ್ಣೀರು ತುಂಬಿ, ಯೀಸ್ಟು ಉದುರಿಸಿ ಮುಚ್ಚಿಟ್ಟರೆ ಕೆಲವು ದಿನಗಳಲ್ಲಿ ಬಿಯರ್. ಹೇಳಲು ಇಷ್ಟೇ.

ಡಬ್ಬಿ ತಂದುಕೊಡುತ್ತಿದ್ದವರು ಅದೇ ಬಂದರಿನ ಹತ್ತಿರ ಅಂಗಡಿ ಇಟ್ಟಿದ್ದ ನಮ್ಮ ಊರಿನ ಬ್ಯಾರಿ ಹಾಜಿಯವರು. ರಜೆಗೆ ಬಂದಾಗಲೆಲ್ಲ ಬಟ್ಟೆಗಳ ನಡುವೆ ಸುತ್ತಿ ತರುತ್ತಿದ್ದರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. "ಬಾರ್ಲಿಯ ಪಾಕದಲ್ಲಿ ಹರಾಮ್ ಎಂತ ಇಲ್ಲ," ಎಂದು ಡಬ್ಬಿಯನ್ನು ಜಗಲಿಯಲ್ಲಿ ಇಡುತ್ತಿದ್ದರು, "ಆಮೇಲೆ ನೀವು ಅದನ್ನು ಎಂತ ಮಾಡ್ತೀರಿ ಅಂತ ನಾನು ಕೇಳುವವನಲ್ಲ. ನೀವು ಹೇಳಲೂ ಬೇಡಿ."

"ಪಾಯಸ ಮಾಡ್ತೇವೆ ಹಾಜಿಯವರೇ" ಎನ್ನುತ್ತಿದ್ದರು ಭಾವ.

"ಪಾಯಸಕ್ಕೆ ನನ್ನನ್ನು ಕರೀಬೇಡಿ ಮಾರಾಯ್ರೇ."

ಮೊದಲ ಸಲದ ಬಿಯರ್ ಸಪ್ಪೆಯಾದದ್ದಕ್ಕೆ ಅಕ್ಕ ಕಾರಣಳಲ್ಲ. ಅದು ಪೂರ್ತಿ ಭಾವನದ್ದೇ ಸಾಧನೆ. ನೀರಿನ ಅಳತೆಗೆ ಅವರು ಮನೆಯ ತಾಮ್ರದ ಕೊಡಪಾನ ಹಿಡಿದಿದ್ದರು. ಅದು ಅಜ್ಜಿಯ ಕಾಲದ್ದು, ಈಗಿನ ಕೊಡಪಾನಕ್ಕಿಂತ ಬಹಳ ದೊಡ್ಡದು. ಡಬ್ಬಿಯ ಪಾಕ ಅಷ್ಟು ನೀರಿನಲ್ಲಿ ಎಲ್ಲಿ ಹೋಯಿತೆಂದೇ ಗೊತ್ತಾಗಲಿಲ್ಲ. ಅಲ್ಲದೆ ಕುದಿಸಿ ಆರಿಸಿದ ನೀರು ಬೇಕೆಂದು ಅಡುಗೆಮನೆಯ ಹಂಡೆಯಿಂದ ತೆಗೆದಿದ್ದರು. ನಮ್ಮಲ್ಲಿ ಕುಡಿಯುವ ನೀರನ್ನು ಜೀರಿಗೆ ಹಾಕಿ ಕುದಿಸುವುದು ಅವರ ತಲೆಗೆ ಹೊಳೆಯಲೇ ಇಲ್ಲ. ನಾನು ಕುಡಿದು, "ಜ್ವರಕ್ಕೆ ಒಳ್ಳೆಯದಿರಬಹುದು" ಎಂದೆ.

"ಜ್ವರದ ಮಾತು ಬಿಡು. ಸಮಾ ಹೇಳು."

"ಸಪ್ಪೆ ಭಾವ."

ಅವರು ತಲೆಯಾಡಿಸಿದರು. ಕೆಟ್ಟ ಕ್ರೇನಿನ ಮುಂದೆ ನಿಂತಾಗಲೂ ಅವರ ಮುಖ ಹೀಗೆಯೇ ಇದ್ದಿರಬೇಕು. ಬೇಸರ ಅಷ್ಟು ಇರಲಿಲ್ಲ, ಇನ್ನು ಸ್ವಲ್ಪ ದಿನಕ್ಕೆ ಕೆಲಸವಾಯಿತು ಎಂಬ ಸಮಾಧಾನ ಇತ್ತು.

ಎರಡನೆಯ ಸಲ ಅಳತೆ ಸರಿಯಾಯಿತು. ಅದೇ ಅನಾಹುತಕ್ಕೆ ಮೂಲ. ರುಚಿ ಅಷ್ಟಕ್ಕಷ್ಟೇ ಇದ್ದರೂ ಬಿಯರಿನ ಹಾಗೆ ಇತ್ತು. ಭಾವ ಸಂಜೆ ಜಗಲಿಯಲ್ಲಿ ಕುಳಿತು ಒಂದಾದ ಮೇಲೊಂದು ಗ್ಲಾಸು ಖಾಲಿ ಮಾಡಿದರು. ಮುಖ ಕೆಂಪಾಯಿತು, ಮಾತು ಜೋರಾಯಿತು, ಗಲ್ಫಿನ ಹಳೆಯ ನಗು ಬಂತು. ಅಕ್ಕ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಆ ನಗುವನ್ನು ಅವಳು ಮೊದಲೂ ಕಂಡಿದ್ದಳು.

ಆಮೇಲೆ ಭಾವ ಡ್ರಮ್ಮನ್ನು ಸುರಂಗಕ್ಕೆ ಸಾಗಿಸಿದರು. ನಮ್ಮ ಎಣ್ಮಕಜೆಯ ಕಡೆ ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗಗಳು ಎಷ್ಟೋ ಇವೆ. ಭಾವನ ಮನೆಯ ಹಿಂದಿನ ಸುರಂಗದಲ್ಲಿ ಒರತೆ ಬತ್ತಿಹೋಗಿತ್ತು, ತಂಪು ಮಾತ್ರ ಉಳಿದಿತ್ತು. ಏಪ್ರಿಲಿನಲ್ಲೂ ಒಳಗೆ ಹೋದರೆ ಮೈ ಜುಮ್ಮೆನ್ನುತ್ತದೆ. ಸೆಕೆಯಲ್ಲಿ ಇಟ್ಟರೆ ಯೀಸ್ಟು ಅವಸರ ಮಾಡಿ ರುಚಿ ಕೆಡಿಸುತ್ತದೆ ಎಂದು ಮೇಲಾಳು ಹೇಳಿದ್ದನಂತೆ. "ಅವ ಏಸಿ ಹಾಕಿಸ್ತಿದ್ದ. ನಮಗೆ ಅಜ್ಜಂದಿರು ತೋಡಿಟ್ಟು ಹೋಗಿದ್ದಾರೆ" ಎಂದು ಭಾವ ಹೆಮ್ಮೆಯಿಂದ ಹೇಳಿಕೊಂಡರು. ದಿನಾ ಬೆಳಗ್ಗೆ ಬಗ್ಗಿ ಒಳಗೆ ಹೋಗಿ ಡ್ರಮ್ಮಿಗೆ ಸ್ಕ್ರೂಡ್ರೈವರ್ ಒತ್ತಿ ಕಿವಿ ಇಡುತ್ತಿದ್ದರು. ಒಳಗಿನ ಗುಳುಗುಳು ನಿಂತ ಮೇಲೆ ಒಂದು ವಾರ ಬಿಟ್ಟು ಬಾಟ್ಲಿಗೆ ತುಂಬಬೇಕು ಎಂಬುದು ಲೆಕ್ಕ.

ಆ ಒಂದು ವಾರದೊಳಗೆ ಅವರು ಯಾವುದಾದರೂ ಕೆಲಸಕ್ಕೆ ಕಾಸರಗೋಡಿಗೆ ಹೋಗಿಯೇ ಹೋಗುತ್ತಿದ್ದರು. ಅಂಥ ಒಂದು ದಿನ ನಾನು ಅವರನ್ನು ಹುಡುಕಿಕೊಂಡು ಹಿತ್ತಿಲಿಗೆ ಹೋದೆ. ಸುರಂಗದಿಂದ ಅಕ್ಕ ಕೊಡಪಾನ ಎತ್ತಿಕೊಂಡು ಹೊರಗೆ ಬಂದಳು. ಅದನ್ನು ಬಾಳೆಯ ಬುಡಕ್ಕೆ ಬಗ್ಗಿಸಿದಳು. ಬಂಗಾರದ ಬಣ್ಣ, ಯೀಸ್ಟಿನ ವಾಸನೆ. ನನ್ನನ್ನು ಕಂಡು ಬೆಚ್ಚಲಿಲ್ಲ.

"ಎಂತ ಅಕ್ಕ ಇದು?"

"ಕಾಣುವುದಿಲ್ವಾ? ಬಾಳೆಗೆ ನೀರು."

"ಭಾವನ ಬಿಯರಲ್ವಾ?"

"ಅದರ ಜಾಗಕ್ಕೆ ಬೇರೆ ನೀರು ಹಾಕ್ತೇನೆ. ಅವರು ಡ್ರಮ್ಮಿಗೆ ಎಳೆದ ಗೆರೆಯವರೆಗೆ ತುಂಬಿಸ್ತೇನೆ, ಅವರಿಗೆ ಗೊತ್ತಾಗ್ಲಿಕ್ಕಿಲ್ಲ." ಆಮೇಲೆ ನನ್ನನ್ನು ಸಮಾಧಾನ ಮಾಡುವವಳ ಹಾಗೆ, "ಕುದಿಸಿ ಆರಿಸಿದ ನೀರು. ಜೀರಿಗೆ ಹಾಕಲಿಲ್ಲ. ಹಸಿ ನೀರು ಹಾಕಿದರೆ ಹಾಳಾಗ್ತದಂತೆ, ಅದು ಪಾಪ ಅಲ್ವಾ" ಎಂದಳು.

"ದೈವದ ಎದುರು ಮಾತು ಕೊಟ್ಟವರು ಅವರು, ಅವರೇ ಬಿಡಬೇಕಲ್ಲ?"

"ಅಂಗಡಿಯದ್ದು ಮುಟ್ಟುವುದಿಲ್ಲ ಅಂತ ಅವರು ಮಾತು ಕೊಟ್ಟದ್ದು. ನೀರು ಹಾಕುವುದಿಲ್ಲ ಅಂತ ನಾನು ಕೊಡ್ಲಿಲ್ಲ. ಬೇಡ ಅಂದರೆ ಹಠ ಹಿಡೀತಾರೆ. ಆಮೇಲೆ ಬಾಟ್ಲಿಗೇ ಹೋಗ್ತಾರೆ. ನನಗೆ ಅವರು ಬೇಕು ತಮ್ಮ. ನೀನು ಬಾಯಿ ಬಿಡಬೇಡ."

ನಾನು ಬಾಯಿ ಬಿಡಲಿಲ್ಲ. ಡಾಕ್ಟರು ಹೇಳಿದ್ದು ನನಗೂ ಗೊತ್ತಿತ್ತು.

ಹೀಗೆ ಭಾವನ ಸಂಶೋಧನೆಯ ವರ್ಷಗಳು ಶುರುವಾದವು. ಮೊದಲು ನೀರಿನ ಮೇಲೆ ಸಂಶಯ. ನಮ್ಮ ಗುಡ್ಡಗಳಲ್ಲಿ ಗೇರುತೋಟಕ್ಕೆ ಕೀಟನಾಶಕದ ಮದ್ದು ಸುರಿದು ನೀರು ಕೆಡಿಸಿದ ಕಾಲದಿಂದ ನೀರನ್ನು ಸಂಶಯಿಸಲು ಯಾರಿಗೂ ಕಲಿಸಬೇಕಾಗಿಲ್ಲ. ಮೂರು ಕಡೆಯ ನೀರು ತಂದು ಮೂರು ಸಲ ಮಾಡಿದರು. ಮೂರೂ ಸಪ್ಪೆ. ನಂತರ ಡಬ್ಬಿ ಹಳೆಯದಾಗಿ ಪಾಕ ಮಂಕಾಗಿರಬೇಕೆಂದು ಹಾಜಿಯವರಿಗೆ ಫೋನ್ ಮಾಡಿ, "ತಾರೀಕು ನೋಡಿ ತನ್ನಿ" ಎಂದರು. "ಪಾಯಸಕ್ಕೆ ತಾರೀಕು ಯಾಕೆ?" ಎಂದು ಅವರು ಆ ಕಡೆಯಿಂದ ಕೇಳಿದ್ದು ನನಗೂ ಕೇಳಿಸಿತು. ಹೊಸ ಡಬ್ಬಿ ಬಂತು. ಸಪ್ಪೆ. ಗ್ಲಾಸಿಗೆ ಅಂಟಿದ ಸೋಪು ರುಚಿ ತಿನ್ನುತ್ತದೆಂದು ತಮ್ಮ ಗ್ಲಾಸನ್ನು ತಾವೇ ತೊಳೆಯತೊಡಗಿದರು. ಮದುವೆಯಾಗಿ ಅಷ್ಟು ವರ್ಷಗಳ ಮೇಲೆ ಗಂಡ ಪಾತ್ರೆ ತೊಳೆದನೆಂದು ಅಕ್ಕ ನೆರೆಮನೆಯವರಿಗೆಲ್ಲ ಹೇಳಿಕೊಂಡಳು. ಯಾಕೆ ಎಂದು ಹೇಳಲಿಲ್ಲ.

ಕೊನೆಗೆ ಅವರು ಸರಿಯಾದ ಜಾಗಕ್ಕೆ ಬಂದರು. ಸಕ್ಕರೆ ಹಾಕಿದರೆ ಅಮಲು ಬರುತ್ತದೆ, ರುಚಿ ಬರುವುದಿಲ್ಲ ಎಂದು ತಿಳಿದು, ಸಕ್ಕರೆಯನ್ನು ಪೂರಾ ಬಿಟ್ಟು ಒಂದು ಡ್ರಮ್ಮಿಗೆ ಎರಡು ಡಬ್ಬಿ ಪಾಕ ಸುರಿದರು. ಸುರಂಗದ ಬಾಯಿಯಲ್ಲಿ ನಿಂತರೆ ಬೇಕರಿಯ ಹತ್ತಿರ ನಿಂತ ಹಾಗೆ ಪರಿಮಳ. ಅಕ್ಕ ಅದನ್ನು ಮೂಸಿದಳು. ಆ ಸಲ ಬಾಳೆಯ ಬುಡಕ್ಕೆ ಎರಡು ಕೊಡಪಾನ ಹೋಯಿತು.

ಅವರು ಹೆಚ್ಚಿಸಿದ ಹಾಗೆ ಇವಳೂ ಹೆಚ್ಚಿಸಿದಳು. ಯಾವ ಬಿಯರಿಗೆ ಎಷ್ಟು ನೀರು ಎಂಬುದು ಬಣ್ಣ ನೋಡಿಯೇ ಅವಳಿಗೆ ಗೊತ್ತಾಗುತ್ತಿತ್ತು. ಜಿಲ್ಲೆಯಲ್ಲಿ ಬಿಯರಿನ ಬಗ್ಗೆ ಅವಳಷ್ಟು ತಿಳಿದ ಹೆಂಗಸು ಇನ್ನೊಬ್ಬಳು ಇದ್ದಿರಲಾರಳು. ಒಂದು ತೊಟ್ಟೂ ಕುಡಿದವಳಲ್ಲ.

ಈ ನಡುವೆ ಭಾವನಿಗೆ ಯಾರೋ ಒಂದು ಗಾಜಿನ ಬುರುಡೆ ತರಿಸಿಕೊಟ್ಟರು. ಹಾಲಿನ ಸೊಸೈಟಿಯಲ್ಲಿ ಹಾಲಿಗೆ ಬಿಟ್ಟು ನೋಡುತ್ತಾರಲ್ಲ, ಅದೇ ಜಾತಿಯದ್ದು. ಪಾಕ ಕರಗಿಸಿದ ದಿನ ಡ್ರಮ್ಮಿನ ನೀರಿಗೆ ಬಿಟ್ಟರೆ ಅದು ಮೇಲೆ ತೇಲುತ್ತದೆ. ಯೀಸ್ಟು ಸಿಹಿಯನ್ನು ತಿಂದು ಅಮಲು ಮಾಡಿದ ಮೇಲೆ ಬಿಟ್ಟರೆ ಕೆಳಗೆ ಇಳಿಯುತ್ತದೆ. ಎಷ್ಟು ಇಳಿದರೆ ಅಷ್ಟು ಅಮಲು ಎಂದು ಲೆಕ್ಕ. ಲೆಕ್ಕ ಸರಿಯೇ. ಆದರೆ ನಡುವೆ ನೀರು ಬೆರೆಸಿದರೂ ಬುರುಡೆ ಇಳಿಯುತ್ತದೆ ಎಂಬುದನ್ನು ಅದನ್ನು ಕಂಡುಹಿಡಿದವರು ಯೋಚಿಸಿರಲಿಲ್ಲ. ಅವರ ಮನೆಯಲ್ಲಿ ನನ್ನ ಅಕ್ಕ ಇರಲಿಲ್ಲವಲ್ಲ. ಅಕ್ಕ ಹೆಚ್ಚು ನೀರು ಹಾಕಿದಷ್ಟೂ ಬುರುಡೆ ಹೆಚ್ಚು ಮುಳುಗಿತು. ಬಿಯರ್ ತೆಳುವಾದಷ್ಟೂ ಲೆಕ್ಕದಲ್ಲಿ ಅದು ಗಟ್ಟಿಯಾಯಿತು.

"ನೋಡು ಭಾವ, ಎಷ್ಟು ಇಳಿದದ್ದು ನೋಡು," ಎಂದು ಭಾವ ಗಾಬರಿಯಿಂದ ತೋರಿಸಿದರು. "ರುಚಿ ಇಲ್ಲ ಅಂತ ಸಸಾರ ಮಾಡುವ ಹಾಗಿಲ್ಲ. ಇದು ಗಲ್ಫಿನದ್ದಕ್ಕಿಂತ ಸ್ಟ್ರಾಂಗ್ ಉಂಟು. ಕುಡಿದವನಿಗೆ ಗೊತ್ತಾಗದ ಹಾಗೆ ಹೊಡೀತದೆ."

ಅಂದಿನಿಂದ ಅವರು ಸಂಜೆಗೆ ಒಂದೇ ಗ್ಲಾಸು ಕುಡಿಯತೊಡಗಿದರು. ಕುಡಿದ ಮೇಲೆ ಹುಷಾರಾಗಿ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗುತ್ತಿದ್ದರು. ಅಕ್ಕ ಹತ್ತಿರ ಬಂದು, "ಮೆಲ್ಲ, ಮೆಲ್ಲ" ಎಂದು ತೋಳು ಹಿಡಿಯುತ್ತಿದ್ದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಎಕ್ಸೈಸಿನಲ್ಲಿ ಗಾರ್ಡ್ ಆಗಿ ನಿವೃತ್ತರಾದ ಒಬ್ಬರು ಹತ್ತಿರದಲ್ಲೇ ಇದ್ದರು. ಮನೆಯಲ್ಲಿ ಬಿಯರ್ ಮಾಡುವುದಕ್ಕೆ ನಮ್ಮ ರಾಜ್ಯದ ಕಾನೂನಿನ ಒಪ್ಪಿಗೆ ಇಲ್ಲ. ಆದ್ದರಿಂದ ಅವರು ಬಂದಾಗಲೆಲ್ಲ ಭಾವ ಸುರಂಗದ ಕಡೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಿದ್ದರು. ಒಂದು ದಿನ ಗಾರ್ಡರೇ, "ಹಿಂದೆ ಎಂತದೋ ಕುದೀತಾ ಉಂಟಂತಲ್ಲ, ಒಂದು ಗ್ಲಾಸ್ ತನ್ನಿ. ನಾನೀಗ ಯೂನಿಫಾರ್ಮಿನಲ್ಲಿಲ್ಲ" ಎಂದರು. ಭಾವ ಕೊಟ್ಟು, "ಜಾಗ್ರತೆ, ಸ್ಟ್ರಾಂಗ್ ಉಂಟು" ಎಂದು ಎಚ್ಚರಿಸಿದರು. ಗಾರ್ಡರು ಗ್ಲಾಸು ಮುಗಿಸಿ, ಬೆಳಕಿಗೆ ಹಿಡಿದು ತಳ ನೋಡಿ, "ಇದನ್ನು ಹಿಡಿದುಕೊಂಡು ಹೋದರೆ ಕೋರ್ಟಿನಲ್ಲಿ ನನ್ನ ಮರ್ಯಾದೆ ಹೋಗ್ತಿತ್ತು ಮಾರಾಯ್ರೇ. ಕೇಸಿಗೆ ಬೇಕಾದದ್ದು ಇದರಲ್ಲಿ ಎಂತ ಉಂಟು?" ಎಂದರು.

ಆ ಮಾತು ಭಾವನಿಗೆ ತಾಗಿತು. ತಮ್ಮ ನಾಲಿಗೆಯೊಂದೇ ಅಲ್ಲ, ಅನುಭವಸ್ಥನ ನಾಲಿಗೆಯೂ ಅದನ್ನೇ ಹೇಳಿತಲ್ಲ. ಆದರೂ ಮೊದಲು ನಾಲಿಗೆಯನ್ನೇ ಸರಿಮಾಡಲು ಹೊರಟರು. ಎಲೆಯಡಿಕೆ ಬಿಟ್ಟರು. ಬೀಡಿ ಬಿಟ್ಟರು. ಉಪ್ಪಿನಕಾಯಿ, ಕಾರದ ಸಾರು ಬೇಡವೆಂದರು. ನಾಲಿಗೆ ಚುರುಕಾಗಲೆಂದು ಬೆಳಗ್ಗೆ ಗುಡ್ಡ ಹತ್ತಿ ಇಳಿದರು. ಮುಂದಿನ ಪರೀಕ್ಷೆಯಲ್ಲಿ ಕಾಸರಗೋಡಿನ ಡಾಕ್ಟರು ಕಾಗದ ನೋಡಿ, "ಕುಡಿಯುವುದನ್ನು ಪೂರಾ ಬಿಟ್ಟದ್ದು ಒಳ್ಳೆಯದಾಯ್ತು" ಎಂದರಂತೆ. ಭಾವ ಸಂಕೋಚದಿಂದ ನೆಲ ನೋಡಿದರಂತೆ. ಬಿಟ್ಟಿಲ್ಲ ಎಂದು ಹೇಳಲು ಅವರಿಗೆ ಧೈರ್ಯ ಬರಲಿಲ್ಲ. ಬಿಟ್ಟಿದ್ದಾರೆ ಎಂದು ಅವರಿಗೆ ಗೊತ್ತೂ ಇರಲಿಲ್ಲ.

ಆದರೆ ನಾಲಿಗೆ ಚುರುಕಾದ ಮೇಲೆ ಬಿಯರ್ ಇನ್ನೂ ಸಪ್ಪೆ ಕಂಡಿತು. ಒಂದು ಸಂಜೆ ಅವರು ಅರ್ಧ ಗ್ಲಾಸನ್ನು ಅಂಗಳಕ್ಕೆ ಚೆಲ್ಲಿ, "ನನ್ನ ಕೈಯಲ್ಲೇ ಇಲ್ಲ ಭಾವ. ಆ ಮೇಲಾಳಿನ ಬಚ್ಚಲಿನಲ್ಲಿ ಇಲಿ ಓಡಾಡ್ತಿತ್ತು. ಆದರೂ ಅವನದ್ದು ಬಾಯಿಯಲ್ಲಿ ಇಟ್ಟರೆ ಬಿಡ್ಲಿಕ್ಕೆ ಮನಸ್ಸಾಗ್ತಿರಲಿಲ್ಲ. ನಾನು ಇಷ್ಟೆಲ್ಲ ಮಾಡಿದೆ. ಒಂದೇ ಒಂದು ಸಲ ಹಾಗೆ ಆಗಬೇಕಿತ್ತು. ಸಾಕು, ಡ್ರಮ್ಮು ತೊಳೆದು ಅಕ್ಕಿ ಹಾಕ್ಲಿಕ್ಕೆ ಕೊಡ್ತೇನೆ" ಎಂದರು. ಅವರ ದನಿ ಅಷ್ಟು ಬಿದ್ದುಹೋದದ್ದನ್ನು ನಾನು ಬೇರೆ ಯಾವಾಗಲೂ ಕೇಳಲಿಲ್ಲ.

ಅಕ್ಕ ಒಳಗಿನಿಂದ ಕೇಳಿಸಿಕೊಂಡಳು. ಮರುದಿನ ನನ್ನ ಹತ್ತಿರ, "ಬಿಟ್ಟರೆ ಒಳ್ಳೆಯದೇ. ಆದರೆ ಆಮೇಲೆ ಸಂಜೆ ಎಂತ ಮಾಡ್ತಾರೆ? ಸುಮ್ಮನೆ ಕೂತ ಮನುಷ್ಯ ಎಲ್ಲಿಗೆ ಹೋಗ್ತಾರೆ ಅಂತ ನನಗೆ ಗೊತ್ತುಂಟು" ಎಂದಳು. ಗಂಡನಿಗೆ, "ಇನ್ನೊಂದು ಸಲ ನೋಡಿ. ಡಬ್ಬಿ ಉಂಟಲ್ಲ, ಯಾಕೆ ಹಾಳು ಮಾಡುವುದು?" ಎಂದಳು. ಆ ಸಲ ಅವಳು ಒಂದು ತಂಬಿಗೆಯಷ್ಟೇ ಕಡಿಮೆ ನೀರು ಹಾಕಿದಳು. ಭಾವ ಒಂದು ಗುಟುಕು ಬಾಯಿಯಲ್ಲಿಟ್ಟು ಕಣ್ಣು ಮುಚ್ಚಿ ನಿಧಾನಕ್ಕೆ ನುಂಗಿದರು. "ಹತ್ತಿರ ಬಂತು," ಎಂದರು. "ಭಾವ, ಈ ಸಲ ಸ್ವಲ್ಪ ಹತ್ತಿರ ಬಂತು." ಅಕ್ಕನಿಗೆ ಹೇಳಲು ಒಳಗೆ ಓಡಿದರು. "ಹೌದಾ?" ಎಂದು ಅಕ್ಕ ಕೇಳಿದ್ದು ಜಗಲಿಗೆ ಕೇಳಿಸಿತು.

ಹೀಗೆ ಆಗಾಗ ಒಂದು ತಂಬಿಗೆಯ ಆಸೆ ಕೊಟ್ಟು ಅವಳು ಅವರನ್ನು ನಡೆಸಿದಳು. ಭಾವ ಮೊದಲಿಗಿಂತ ಗಟ್ಟಿಯಾದರು. ಕಣ್ಣು ಬೆಳ್ಳಗಾಯಿತು. ಹೊಟ್ಟೆ ಇಳಿಯಿತು.

ತೀರಿಕೊಂಡದ್ದು ಹೃದಯ ನಿಂತು. ಬೆಳಗಿನ ಗುಡ್ಡದ ನಡಿಗೆ ಮುಗಿಸಿ ಬಂದು, ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದಾಗ ಕುಸಿದರು. ಕಾಸರಗೋಡಿಗೆ ಮುಟ್ಟುವ ಮೊದಲೇ ಮುಗಿದಿತ್ತು. ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಅಕ್ಕನನ್ನು ಸಮಾಧಾನ ಮಾಡುತ್ತಾ, "ಇದು ಯಾರೂ ಎಣಿಸಿದ್ದಲ್ಲ. ಲಿವರ್ ಎಷ್ಟು ಚೆನ್ನಾಗಿ ಆಗಿತ್ತು ಅವರದ್ದು" ಎಂದರು. ಅಕ್ಕ ತಲೆಯಾಡಿಸಿದಳು. ಅಳಲಿಲ್ಲ. ದಹನವಾಗುವಾಗಲೂ ಅಳಲಿಲ್ಲ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಹಾಕಿ, ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುವುದು ನಮ್ಮ ಕ್ರಮ. ಕುಡಿಯುವವರಾಗಿದ್ದರೆ ಅದನ್ನೂ ಇಡುತ್ತಾರೆ. ಭಾವನ ದಾಯಾದಿಯೊಬ್ಬರು ಕಾಸರಗೋಡಿನಿಂದ ಒಳ್ಳೆಯ ಬಿಯರ್ ತರಿಸೋಣವೆಂದರು. "ಅಂಗಡಿಯದ್ದು ಬೇಡ," ಎಂದಳು ಅಕ್ಕ. "ಮಾತು ಕೊಟ್ಟಿದ್ದಾರೆ." ನನ್ನ ಕಡೆ ತಿರುಗಿ, "ಸುರಂಗದಲ್ಲಿ ಉಂಟಲ್ಲ, ಬಾ" ಎಂದಳು.

ಕೊನೆಯ ಸಲದ್ದು ಡ್ರಮ್ಮಿನಲ್ಲೇ ಉಳಿದಿತ್ತು. ಗುಳುಗುಳು ನಿಂತಿತ್ತು. ಅವರು ಕಾಸರಗೋಡಿಗೆ ಹೋಗುವ ದಿನ ಬಂದಿರಲಿಲ್ಲವಾದ್ದರಿಂದ ಅವಳು ಇನ್ನೂ ಕೈ ಹಾಕಿರಲಿಲ್ಲ. ಡ್ರಮ್ಮಿನ ನಲ್ಲಿ ತಿರುಗಿಸಿ ಒಂದು ಗ್ಲಾಸು ಹಿಡಿದೆವು. ಎಲೆಯ ಬದಿಗಿಟ್ಟು, ಬಾಗಿಲು ಹಾಕಿ, ಆಮೇಲೆ ತೆರೆದೆವು. ನೆಂಟರು ಊಟಕ್ಕೆ ಕುಳಿತ ಮೇಲೆ ಅಕ್ಕ ಆ ಗ್ಲಾಸನ್ನು ಹಿಂದಿನ ಜಗಲಿಗೆ ತಂದು ನನ್ನ ಕೈಗೆ ಕೊಟ್ಟಳು.

ಬಾಟ್ಲಿಗೆ ತುಂಬದ ಬಿಯರಿಗೆ ನೊರೆ ಇರುವುದಿಲ್ಲ. ಅದೊಂದು ಬಿಟ್ಟರೆ ಬೇರೆ ಕೊರತೆ ನನಗೆ ಸಿಗಲಿಲ್ಲ. ಹುರಿದ ಧಾನ್ಯದ ಪರಿಮಳ ಮೊದಲು ಬಂತು, ಹಿಂದಿನಿಂದ ಒಂದು ತಿಳಿಯಾದ ಸಿಹಿ. ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಕಹಿ ಎದ್ದು ಅಲ್ಲೇ ನಿಂತಿತು. ಅವರು ಹೇಳುತ್ತಿದ್ದ, ಬಿಡಲು ಮನಸ್ಸಾಗದ ಬಿಯರ್ ಇದೇ ಇರಬೇಕು. ಬಹುಶಃ ಎಷ್ಟೋ ವರ್ಷಗಳಿಂದ ಅವರು ಇದನ್ನೇ ಮಾಡುತ್ತಿದ್ದರು.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೇಗುಂಟು?"

ಅವಳ ಎರಡೂ ಕೈ ಸೆರಗಿನ ತುದಿಯನ್ನು ಹಿಂಡುತ್ತಿದ್ದವು.

"ಸಪ್ಪೆ" ಎಂದೆ.

"ಇದಕ್ಕೆ ನಾನು ಎಂತ ಹಾಕ್ಲಿಲ್ಲ."

"ಗೊತ್ತುಂಟು ಅಕ್ಕ."

"ಆದರೂ ಸಪ್ಪೆಯಾ?"

"ಆದರೂ ಸಪ್ಪೆ."

ಅವಳು ಮೆಟ್ಟಿಲಲ್ಲಿ ಕುಳಿತಳು. "ಹಾಗಾದ್ರೆ ಅವರಿಗೆ ಮಾಡ್ಲಿಕ್ಕೆ ಬರ್ತಿರಲೇ ಇಲ್ಲ," ಎಂದಳು. "ಪಾಪ. ಎಷ್ಟು ಒದ್ದಾಡಿದ್ರು." ಆಗ ಅವಳಿಗೆ ಅಳು ಬಂತು. ಅಷ್ಟು ದಿನ ಕಟ್ಟಿಕೊಂಡಿದ್ದೆಲ್ಲ ಒಟ್ಟಿಗೆ ಬಂತು. ನಾನು ಪಕ್ಕದಲ್ಲಿ ಕುಳಿತು ಗ್ಲಾಸನ್ನು ತಳದವರೆಗೆ ಕುಡಿದೆ. ಇನ್ನೊಂದು ಗ್ಲಾಸು ಬೇಕೆಂದು ತುಂಬ ಆಸೆಯಾಯಿತು. ಸಪ್ಪೆ ಎಂದವನು ಕೇಳುವ ಹಾಗಿರಲಿಲ್ಲ.